ಅಕ್ಕನ ಬಲಗಾಲು

೧೨ ಜೂನ್ ೧೯೫೫, ಐತವಾರ

ಸುಳ್ಳ. ಜೋಳಿಗಿ ನಾ ಒಗದಿಲ್ಲ. ಅಪ್ಪನ ಜೋಳಿಗಿ ಗೂಟಕ್ಕ ಹಾಕಾಕ ಹ್ವಾದೆ, ಗೂಟಾನ ಕಿತ್ತ ಬಿತ್ತು. ಗೋಡಿ ಅಪ್ಪಂದು, ಗೂಟಾ ಅಪ್ಪಂದು, ಜೋಳಿಗಿ ಅಪ್ಪಂದು. ತಪ್ಪ ನಂದ ಹ್ಯಾಂಗ ಆತು? ಬಿದ್ದದ್ದನ್ನ ಎತ್ತಲಿಲ್ಲ — ಅದು ಖರೇ. ಎತ್ತಿದ್ರ ಹಂಗ ಹೆಗಲಿಗೆ ಏರಿಸಿ ಭಿಕ್ಷಾಕ್ಕ ಓಣಿಗೆ ಬಿಡ್ತಿದ್ರು. ಅದಕ್ಕ ಎತ್ತಲಿಲ್ಲ. ಮತ್ತ ನನಗ ದೇವರಿಲ್ಲ ಅನ್ನೂದೂ ಸುಳ್ಳ. ದೇವರ ಅದಾನ. ನಾ ಅವನ ತಂಟೇಕ ಹೋಗೂದಿಲ್ಲ, ಅವ ನನ್ನ ತಂಟೇಕ ಬರಬಾರ್ದು. ಅಷ್ಟ.

ಇದನ್ನೆಲ್ಲಾ, ನನಗ ಹಂಗ ಅಂದ ಅಂದಾನೆಪ್ಪನ ಮಾರಿ ಮುಂದ ಒದರಬೇಕಾಗಿತ್ತು. ಊರ ಹಿರೇ ಮನುಷ್ಯಾ ಅಂವ, ಕಟ್ಟಿ ಮ್ಯಾಲ ಕುಂತ ಎಲ್ಲಾರಿಗೂ ಬುದ್ಧಿ ಹಂಚತಾನ. ಆದ್ರ ಅಪ್ಪಗ ಲಕ್ವಾ ಹೊಡದ ಇಪ್ಪತ್ತ ದಿನಾ ಆತು. ಮನ್ಯಾಗ ಒದರಬ್ಯಾಡ ಅಂತ ಅಕ್ಕ ಹೇಳ್ಯಾಳ. ಅದಕ್ಕ ಇನ್ನ ಒದರೂದೆಲ್ಲಾ ಇದರಾಗ. ಜಂಗ್ಲಿಸಾಬ ಕೊಟ್ಟ ಡೈರಿ, ಹ್ವಾದ ವರ್ಷದ್ದು. ತಾರೀಖ ಬರೋಬರಿ, ವಾರಾ ತಪ್ಪ. ಹೊಡದ ಹಾಕಿ ಬರೀತೇನಿ. ರೋಣದಾಗ ಅವನ ಸೈಕಲ್ ದುಕಾನದಾಗ ಪಂಚರ್ ಹಚ್ಚತೇನಿ ನಾ. ಐದನೇತ್ತಾದಾಗ ಸಾಲಿ ಬಿಟ್ಟೆ. ಮಾಸ್ತರ "ಜೋಳಿಗಿ ಮನಿತನದಾಂವಗ ಲೆಕ್ಕಾ ಯಾಕಲೇ" ಅಂದ. ಪಾಟಿ ಅವನ ಮೇಜಿನ ಮ್ಯಾಲ ಒಡದ ಬಂದೆ.

ನಮ್ಮದು ಅಯ್ಯನೋರ ಮನಿ. ಊರಾಗ ಕೂಸ ಹುಟ್ಟಿದ್ರ ಲಿಂಗಾ ಕಟ್ಟೂದು ನಾವು. ಲಗ್ನಕ್ಕ ನಾವು. ಸತ್ರ ಹೆಣದ ತಲಿ ಮ್ಯಾಲ ಬಲಗಾಲ ಇಟ್ಟ ಮಂತ್ರಾ ಹೇಳಿ ಕೈಲಾಸಕ್ಕ ಕಳಸೂದು ನಾವು. ನಾವು ಅಂದ್ರ ಅಪ್ಪ. ಈಗ ಅಪ್ಪನ ಬಲಗಡಿ ಮೈ ಹೋಗೈತಿ. ಬಾಯಾಗ ಬರೂದು "ಆಂ" ಒಂದ. ಅದಕ್ಕ ಎಲ್ಲಾರ ಕಣ್ಣ ನನ್ನ ಮ್ಯಾಲ. ಗವಿಸಿದ್ದಯ್ಯ ಅಂತ ಹೆಸರಿಟ್ಟದ್ದಕ್ಕ ನಾನ ಅಯ್ಯ ಆಗಬೇಕಂತ.

ಖರೇ ಹೇಳಬೇಕಂದ್ರ, ಅಪ್ಪ ಕಲಿಸಿದ್ದ ನನಗ. ಕಲತದ್ದ ಅಕ್ಕ. ದಿನಾ ಮುಂಜಾನಿ ನನ್ನ ಮುಂದ ಕೂಡಿಸಿಕೊಂಡ ಹೇಳಿಕೊಡ್ತಿದ್ದ. ನಾ ಗೋಡಿ ಮ್ಯಾಲಿನ ಹಲ್ಲಿ ಎಣಿಸ್ಕೋತ ಕುಂದರ್ತಿದ್ದೆ. ಆಕಿ ಒಲಿ ಮುಂದ ರೊಟ್ಟಿ ಬಡಕೋತ ಎಲ್ಲಾ ಬಾಯಿಪಾಠ ಮಾಡಿದ್ಲು. ರೊಟ್ಟಿ ಬಡ್ಯೂ ಸಪ್ಪಳಕ್ಕ ಮಂತ್ರಾ ಕುಂತಾವ ಆಕಿಗೆ. ಒಂದ ಅಕ್ಷರಾ ಆಚೀಚಿ ಇಲ್ಲ.

ಅಕ್ಕಗ ಇಪ್ಪತ್ತಾರ. ಶಿವಗಂಗಮ್ಮ. ಲಗ್ನಾ ಆಗಿಲ್ಲ. ಸಣ್ಣಾಕಿದ್ದಾಗ ಜ್ವರಾ ಬಂದ ಬಲಗಾಲ ಬತ್ತಿ ಸೊಟ್ಟ ಆಗೈತಿ, ಹಿಮ್ಮಡಿ ನೆಲಕ್ಕ ಹತ್ತೂದಿಲ್ಲ. ಸೀರಿ ನೆಲಾ ಬಳ್ಯೂಹಂಗ ಉಡ್ತಾಳ. ಹದಿನೆಂಟ ವರ್ಷ ಒಂದ ಮನ್ಯಾಗ ಇದ್ದೇನಿ, ಆ ಪಾದ ನಾನೂ ನೆಟ್ಟಗ ನೋಡಿಲ್ಲ.

೧೯ ಜೂನ್, ಐತವಾರ

ಬರದ ಇಡಬೇಕ ಇದನ್ನ.

ಹೊತ್ತ ಹೊಂಡೂ ಮೊದ್ಲ ಕರೆಪ್ಪ ಓಡಿ ಬಂದ. ಅವನ ಹೇಣ್ತಿ ಯಂಕವ್ವ ಏಳ ತಿಂಗಳಿಗೆ ಹಡದಾಳ. ಕೂಸ ಅಂಗೈಯಷ್ಟ. "ಉಸರ ಹಗ್ಗದಂಗ ಎಳೀಲಾಕತ್ತೈತ್ರಿ. ಲಿಂಗಾ ಇಲ್ಲದ ಹೋಗಬಾರ್ದ್ರಿ. ಬರ್ರಿ ಸ್ವಾಮಿ" ಅಂತ ನನ್ನ ರಟ್ಟಿ ಹಿಡದ. ಅವನ ಕಣ್ಣಾಗ ನೀರ. ನನ್ನ ಬಾಯಾಗ ಒಂದ ಮಂತ್ರಾ ಇಲ್ಲ. ಅಪ್ಪನ ಕಡೆ ನೋಡಿದೆ. "ಆಂ" ಅಂದ.

ಅಕ್ಕ ಕೈಯಾನ ಹಿಟ್ಟ ತೊಳಕೊಂಡ್ಲು. ವಿಭೂತಿ ಉಂಡಿ ತಗೊಂಡ್ಲು. "ಸೈಕಲ್ ತಗಿಯೋ" ಅಂದ್ಲು.

"ಯಾರಿಗೆ?"

"ನನಗ. ನಡ್ಕೋತ ಹ್ವಾದ್ರ ಕೂಸ ಕಾಯತೈತೇನು?"

ಕ್ಯಾರಿಯರ್ ಮ್ಯಾಲ ಕೂಡಿಸಿಕೊಂಡ ಹೊಡದೆ. ನಮ್ಮೂರಾಗ ಹೆಂಗಸ ಸೈಕಲ್ ಮ್ಯಾಲ ಕುಂತದ್ದ ಅದ ಮೊದ್ಲ. ನಾಯಿ ಬೊಗಳೂದ ಬಿಟ್ಟ ನಿಂತು ನೋಡಿದ್ವು.

ಕರೆಪ್ಪನ ಅವ್ವ ಅಡ್ಡ ಬಂದ್ಲು. "ಅಯ್ಯ ಎಲ್ಲೆವಾ?"

"ನಾ ಬಂದೇನ್ರಿ."

"ನೀ ಬಂದೀ ಅದು ಕಾಣತೈತಿ. ಅಯ್ಯ ಎಲ್ಲೆ ಅಂದೆ."

ಅಕ್ಕ ಹೊಸ್ತಲದ ಈಚೇನ ನಿಂತ್ಲು. ಅಂಜ್ಯಾಳ ಅಂತ ನನಗ ಗೊತ್ತಾತು. ಅಷ್ಟರಾಗ ಒಳಗಿಂದ ಯಂಕವ್ವ — ಹಡದ ಎರಡ ತಾಸ ಆಗಿಲ್ಲ ಆಕಿಗೆ — "ಅತ್ತೀ, ಸರೀರಿ ಅತ್ಲಾಗ! ಅಕ್ಕಾರ, ಲಗೂ ಬರ್ರಿ" ಅಂದ್ಲು.

ನಾ ಬಾಗಲದಾಗ ನಿಂತೆ. ಅಕ್ಕನ ಕೈ ನಡಗತಿದ್ವು, ಲಿಂಗದ ಅರಿವಿ ಎರಡ ಸಲ ಜಾರಿ ಬಿತ್ತು. ಮಂತ್ರಾ ಶುರು ಆದಕೂಡ್ಲೆ ಕೈ ನಿಂತ್ವು. ಹಂಗ ನಿಂತ್ವು, ಗಾಲಿಗೆ ಬ್ರೇಕ್ ಹಾಕಿದಂಗ. ಕೂಸಿನ ಕೊರಳಿಗೆ ಲಿಂಗಾ ಭಾರ ಆಕ್ಕೈತಿ ಅಂತ ತಾಯಿ ರಟ್ಟಿಗೆ ಕಟ್ಟಿದ್ಲು. ಕೂಸಿನ ಎದಿ ಆ ರಟ್ಟಿಗೆ ಆನಿಸಿ ಮಲಗಿಸಿದ್ಲು. "ಬೆಚ್ಚಗ ಇರತೈತಿ, ಲಿಂಗಾನೂ ಮುಟ್ಟತೈತಿ" ಅಂದ್ಲು.

ಹೊಳ್ಳಿ ಬರೂವಾಗ ಕೇಳಿದೆ, "ರಟ್ಟಿಗೆ ಕಟ್ಟೂದು ಅಪ್ಪ ಹೇಳಿದ್ನೇನು?"

"ಇಲ್ಲ. ನನಗ ತಿಳೀತು."

ನಾ ಪೆಡಲ್ ತುಳೀತಿದ್ದೆ. ಹಿಂದಿಂದ ಆಕಿ ಮತ್ತ ಅಂದ್ಲು — "ಗವೀ, ನನಗ ತಿಳೀತಲ್ಲೋ!" ಸಣ್ಣ ಹುಡುಗಿ ಹಂಗ.

೨ ಜುಲೈ, ಶನಿವಾರ

ಕೂಸ ಬದಕೈತಿ. ಹಾಲ ಕುಡೀತೈತಿ.

ಈಗ ನಮ್ಮ ಹಿತ್ತಲ ಬಾಗಲದಾಗ ದಿನಾ ಯಾರರೆ ಹೆಂಗಸರು. ಒಬ್ಬಾಕಿಗೆ ಗಂಡ ಹೊಡೀತಾನ, ಒಬ್ಬಾಕಿಗೆ ಕನಸ ಬೀಳತಾವ, ಒಬ್ಬಾಕಿ ಸುಮ್ನ ಅತ್ತ ಹೋಗ್ತಾಳ. ಅಪ್ಪನ ಮುಂದ ಇವ್ರು ಸೆರಗ ಹೊದ್ಕೊಂಡ "ಹೌದ್ರಿ" ಅಂದ ಹೋಗ್ತಿದ್ರು. ಅಕ್ಕನ ಮುಂದ ಪಟಪಟ ಮಾತಾಡ್ತಾರ. ಆಕಿ ಕೇಳ್ತಾಳ. ಮಧ್ಯ ಬಾಯಿ ಹಾಕೂದಿಲ್ಲ. ನನಗ ಬರಲಾರದ ವಿದ್ಯಾ ಅದು.

ಇವತ್ತ ರೊಟ್ಟಿ ಬಡಕೋತ ತಾನ ಮಾತ ತಗದ್ಲು. "ನಾ ಅಪ್ಪನ ಜಾಗಾದಾಗ ಇದ್ರ ಏನೇನ ಮಾಡ್ತಿದ್ದೆ ಗೊತ್ತೈತೇನು?"

"ಹೇಳು."

"ಲಿಂಗಾ ಕಟ್ಟಿದ ಹುಡುಗಿಗೆಲ್ಲಾ ಅಕ್ಷರಾ ಕಲಿಸ್ತಿದ್ದೆ. ಬರೀ ಕೊರಳಾಗ ಕಟ್ಟಿ ಬಿಟ್ರ ಏನ ಬಂತು? ಶ್ರಾವಣದಾಗ ಕಟ್ಟಿ ಮ್ಯಾಲ ಕುಂತ ಪುರಾಣಾ ಹೇಳ್ತಿದ್ದೆ — ಹೆಂಗಸರು ಮುಂದ, ಗಂಡಸರು ಹಿಂದ." ನಕ್ಲು. "ಗಜೇಂದ್ರಗಡಕ್ಕ ಹೋಗ್ತಿದ್ದೆ, ಮಗ್ಗದ ಮನಿ ಹೆಂಗಸರ ಕಡೆ. ನರಗುಂದಕ್ಕ. ಕೊಣ್ಣೂರ ಪೂಲ ದಾಟಿ ಆ ಕಡೆ ಊರಿಗೂ. ಹೊಳೀ ಆ ಕಡೆ ನಾ ನೋಡೇ ಇಲ್ಲ. ನೀ ಸೈಕಲ್ ಮ್ಯಾಲ ಒಯ್ತಿದ್ದೆ."

"ಬಾಡಿಗಿ ಏನು?"

"ನಿನ್ನ ಹೆಣಕ್ಕ ಪುಕಟ ಮಂತ್ರಾ."

ಇಬ್ರೂ ನಕ್ವಿ. ಆಮ್ಯಾಲ ಆಕಿ ಬಾಗಲದ ಆಚೆ ನೋಡ್ಕೋತ ಕುಂತ್ಲು. ರೊಟ್ಟಿ ಸೀದ ಹೋತು. ಆಕಿ ಕೈಯಾಗ ರೊಟ್ಟಿ ಸೀಯೂದು ಅಂದ್ರ ಸಣ್ಣ ಮಾತಲ್ಲ.

೨೫ ಜುಲೈ, ಸೋಮವಾರ. ಸಂಜಿ

ಮಾರಿ ಎತ್ತಿ ಓಣ್ಯಾಗ ಅಡ್ಡಾಡೂಹಂಗ ಇಲ್ಲ.

ಶ್ರಾವಣದ ಮೊದಲ ಸೋಮವಾರ. ವರ್ಷಾ ಇದ ದಿನಾ ಅಂದಾನೆಪ್ಪನ ಮನ್ಯಾಗ ಅಪ್ಪನ ಪಾದಪೂಜಿ. ಮನಿ ಮಂದಿ ಅಯ್ಯನ ಪಾದಾ ತೊಳದ, ಆ ನೀರ ತೀರ್ಥ ಅಂತ ಕುಡೀತಾರ. ಈ ಸಲ ಹ್ಯಾಂಗ? ಅಂದಾನೆಪ್ಪನ ಹಂಚಿಕಿ ನೋಡ್ರಿ. "ಬಾಯಿ ಅಕ್ಕಂದು, ಪಾದಾ ತಮ್ಮಂದು. ಆಕಿ ಅಡಗಿ ಮನ್ಯಾಗ ಕುಂತ ಮಂತ್ರಾ ಹೇಳ್ಲಿ. ಸಣ್ಣ ಸ್ವಾಮಾರು ಮಣಿ ಮ್ಯಾಲ ಕುಂತ ತುಟಿ ಅಳ್ಳಾಡ್ಸಲಿ. ದೇವರಿಗೆಲ್ಲಾ ಹೊಂದತೈತಿ."

ಆಗೂದಿಲ್ಲ ಅಂದೆ. ಅಕ್ಕ ಒಂದ ಸಲ ನನ್ನ ಕಡೆ ನೋಡಿದ್ಲು. ಅಪ್ಪನ ಮನಿತನ ನಿಲ್ಲಲಿ ಅನ್ನೂ ನೋಟ. ಹೂಂ ಅಂದೆ. ಮೂರ್ಖ ನಾ.

ದಿನಾ ಚೈನ್ ಎಣ್ಣ್ಯಾಗ ಇರೂ ಕಾಲ. ಬೆರಳ ಸಂದ್ಯಾಗೆಲ್ಲಾ ಕರೇ ಜಿಡ್ಡ. ಮುಂಜಾನಿ ಸೀಗಿಕಾಯಿ ಹಚ್ಚಿದೆ, ಹೋಗಲಿಲ್ಲ. ಕಲ್ಲಿಲೆ ತಿಕ್ಕಿದೆ, ಹೋಗಲಿಲ್ಲ. ದುಕಾನದಾಗ ಮಾಡೂಹಂಗ ಚಿಮಣಿ ಎಣ್ಣಿ ಹಚ್ಚಿ ತಿಕ್ಕಿದೆ. ಬಿಳೇ ಆತು. ಭಾಳ ಶಾಣ್ಯಾ ಅಂದ್ಕೊಂಡೆ.

ಮಣಿ ಮ್ಯಾಲ ಕುಂತೆ. ಒಳಗಿಂದ ಅಕ್ಕನ ಧ್ವನಿ. ನಾ ತುಟಿ ಅಳ್ಳಾಡ್ಸಿದೆ — ಮೀನ ದಂಡಿಗೆ ಬಿದ್ದಂಗ. ಅಂದಾನೆಪ್ಪನ ಅವ್ವ ಮುದುಕವ್ವ ಪಾದಾ ತೊಳ್ಯಾಕ ಬಂದ್ಲು. ಎಂಬತ್ತ ದಾಟ್ಯಾವ, ಕಣ್ಣ ಮಂಜ. ಕಂಚಿನ ತಾಟಿನಾಗ ನನ್ನ ಕಾಲ ಇಟ್ಕೊಂಡ, ಕೂಸಿನ ಕಾಲ ತೊಳದಂಗ ತೊಳದ್ಲು. ನೀರ ಮ್ಯಾಲ ಎಣ್ಣಿ ತೇಲಾಡ್ಲಿಕ್ಕೆ ಹತ್ತಿತು. ಹಸರ, ನೀಲಿ, ಕೆಂಪ. ಕೆಳಗ ಕರೇ ಗಸಿ. ಆಕಿ ಅದನ್ನ ಬೊಗಸ್ಯಾಗ ತುಂಬಿಕೊಂಡ ಹಣಿಗೆ ಮುಟ್ಟಿಸಿ ಬಾಯಿ ಕಡೆ ಒಯ್ದ್ಲು—

"ಕುಡೀಬ್ಯಾಡ ಬೇ ಯಮ್ಮಾ!" ಅಂತ ಒದರಿ ಎದ್ದೆ. ತಾಟ ಕಾಲಿಗೆ ಬಡದ ಉಳ್ಳಾಡ್ತು. ತೀರ್ಥ ಎಲ್ಲಾ ಅಂದಾನೆಪ್ಪನ ದೋತರದ ಮ್ಯಾಲ.

ಮನಿ ತುಂಬ ಹಾ ಹಾ ಅಂತ ಬೊಬ್ಬಿ. ತೀರ್ಥ ಒದ್ದ, ಅಯ್ಯನ ಮಗಾ ತೀರ್ಥ ಒದ್ದ. ಅಂದಾನೆಪ್ಪ ನನಗ ಬೈಯೂದೂ ಬಹುವಚನದಾಗನ. "ಸ್ವಾಮಾರ, ನಿಮ್ಮ ತಲ್ಯಾಗ ಏನ ಐತ್ರಿ, ಸಗಣಿ ಐತೇನ್ರಿ?"

ಮುದುಕವ್ವ ಅಂಗೈ ಮೂಸಿ ನೋಡಿದ್ಲು. "ಏ ಅಂದಾನಿ, ಚಿಮಣಿ ಎಣ್ಣೀಪಾ ಇದು! ಈ ಅಯ್ಯ ಭಕ್ತರ ಹೊಟ್ಟ್ಯಾಗ ದೀಪಾ ಹಚ್ಚಾಂವ!" ಅಂತ ಹಲ್ಲಿಲ್ಲದ ಬಾಯಿಲೆ ನಕ್ಲು. ನಕ್ಕ ನಕ್ಕ ಕೆಮ್ಮ ಬಂತು. ಆಮ್ಯಾಲ ಅಡಗಿ ಮನಿ ಕಡೆ ಮಾರಿ ತಿರವಿ, "ಮಂತ್ರಾ ಹೇಳಿದಾಕಿ ಯಾರವಾ? ಬಾ ಹೊರಗ. ಆ ಬಾಯಿ ಯಾರ್ದೋ ಅವರ ಪಾದಾ ತೊಳೀತೇನಿ ನಾ" ಅಂದ್ಲು.

ಎಲ್ಲಾರೂ ಅಡಗಿ ಮನಿ ಕಡೆ ಹೊಳ್ಳಿದ್ರು.

ಅಕ್ಕ ಬರಲಿಲ್ಲ. ಹಿಂದಿನ ಬಾಗಲದಿಂದ ಮನಿಗೆ ಹೋಗಿಬಿಟ್ಟಿದ್ಲು.

೨೬ ಜುಲೈ, ಮಂಗಳವಾರ

ಜಗಳ. ಸಣ್ಣ ಧ್ವನಿಯೊಳಗ, ಅಪ್ಪ ಮಲಗಿದ್ದ.

"ಯಾಕ ಓಡಿ ಬಂದಿ? ಮುದುಕಿ ಕರದ್ಲಲ್ಲ!"

"ನೀ ಯಾಕ ಒದ್ದಿ?"

"ಮಾತ ತಿರಗಿಸಬ್ಯಾಡ. ಮಂತ್ರಾ ಬರೂದಿಲ್ಲೇನು ನಿನಗ? ಅಪ್ಪನಕಿಂತ ಚಲೋ ಬರತಾವ. ಅಂದಾನೆಪ್ಪಗ ಅಂಜತೀಯೇನು?"

"ಅಂದಾನೆಪ್ಪಗ ಯಾರ ಅಂಜತಾರ್ಲೇ" ಅಂದ್ಲು. ಜ್ವಾಳಾ ಹಸನ ಮಾಡ್ಕೋತ ಕುಂತ್ಲು. ಹಳ್ಳ ಒಂದೊಂದ ಆರಿಸಿ ಒಗದ್ಲು. ಕಡಿಗೆ, ಕೈಯಾಗಿನ ಮೊರಕ್ಕ ಹೇಳಿದಂಗ ಹೇಳಿದ್ಲು — "ಬಾಯಿ ಯಾರರೆ ಕೇಳ್ಲಿ, ಕೊಡ್ತೇನಿ. ಪಾದಾ ಕೇಳ್ತಾರಲ್ಲೋ. ತಾಟಿನಾಗ ಇಡ ಅಂತಾರ. ಎಲ್ಲಾರ ಮುಂದ."

ನನಗ ಆಗ ತಿಳೀತು. ಎಂಥಾ ದಡ್ಡ ನಾ. ಅಯ್ಯ ಅಂದ್ರ ಪಾದಾ. ತೊಳ್ಯೂದು ಪಾದಾ, ತಲಿ ಮ್ಯಾಲ ಇಡೂದು ಪಾದಾ — ಅದೂ ಬಲಗಾಲ. ಆಕಿ ಯಾವುದನ್ನ ಇಪ್ಪತ್ತ ವರ್ಷ ಸೀರ್ಯಾಗ ಮುಚ್ಚಿ ಇಟ್ಟಾಳೋ ಅದನ್ನ.

"ಮಂದಿ ನಗತಾರ. ಸೊಟ್ಟ ಪಾದಾ ಇಟ್ರ ಸತ್ತವರು ಕೈಲಾಸದ ಹಾದಿ ತಪ್ಪತಾರ ಅಂತಾರ."

"ತಪ್ಪಿದ್ರ ಕೇಳ್ಕೊಂಡ ಹೋಗ್ತಾರ. ಸತ್ತವರಿಗೆ ಏನ ಅವಸರ?"

ನಗಲಿಲ್ಲ ಆಕಿ.

೯ ಆಗಸ್ಟ, ಮಂಗಳವಾರ

ಹದಿನಾಕ ದಿನಾ ಬರೀಲಿಲ್ಲ. ಸಿಟ್ಟ ಇತ್ತು, ಯಾರ ಮ್ಯಾಲ ಅಂತ ಗೊತ್ತಾಗಲಿಲ್ಲ.

ಮುದುಕವ್ವ ಹಾಸಿಗಿ ಹಿಡದಾಳ. ರೋಣದ ಡಾಕ್ಟರ್ ಬಂದ ನೋಡಿ ಸುಮ್ನ ಚೀಲಾ ಮುಚ್ಚಿಕೊಂಡ ಹ್ವಾದ. ಮುದುಕಿ ದಿನಾ ಅಕ್ಕನ ಕರಸ್ಕೋತಾಳ. ನಾ ಸೈಕಲ್ ಮ್ಯಾಲ ಬಿಟ್ಟ ದುಕಾನಕ್ಕ ಹೋಗ್ತೇನಿ. ಅಂದಾನೆಪ್ಪಗ ಸೇರೂದಿಲ್ಲ, ಆದ್ರ ಅವ್ವನ ಮುಂದ ಅಂವ ಹುಲ್ಲಕಡ್ಡಿ.

ಇವತ್ತ ಕರ್ಕೊಂಡ ಬರಾಕ ಹ್ವಾದಾಗ ಕಿವಿಲೆ ಕೇಳಿದೆ. ಮುದುಕವ್ವ ಅಕ್ಕನ ಕೈ ಹಿಡದಿದ್ಲು. ಧ್ವನಿ ಸಣ್ಣ, ಮಾತ ಖಡಕ್.

"ನನ್ನ ತಲಿ ಮ್ಯಾಲ ನಿನ್ನ ಪಾದಾ ಬೀಳಬೇಕ. ಆ ಚಿಮಣಿ ಎಣ್ಣಿ ಅಯ್ಯಂದ ಬ್ಯಾಡ."

"ಯಮ್ಮಾ, ನನ್ನ ಕಾಲ..."

"ಗೊತ್ತೈತಿ. ನೀ ಮೂರ ವರ್ಷದಾಕಿ ಇದ್ದಾಗ ಜ್ವರದಾಗ ಎಣ್ಣಿ ಹಚ್ಚಿ ತಿಕ್ಕಿದಾಕಿ ನಾನ. ನಾ ತಿಕ್ಕಿದ ಕಾಲ ಅದು. ನನಗ ಹೇಳ್ತೀಯೇನು ಅದರ ಸುದ್ದಿ?" ಉಸರ ತಗೊಂಡ್ಲು. "ಎಂಬತ್ತ ವರ್ಷ ಗಂಡಸರ ಪಾದಾ ತೊಳದೇನಿ. ಒಬ್ಬರೂ ಕೇಳ್ಲಿಲ್ಲ, ಯವ್ವಾ ನಿನಗ ಏನ ಬೇಕ ಅಂತ. ನೀ ಕೇಳಿದಿ. ಈಗ ಹೇಳ್ಯೇನಿ, ಇನ್ನ ಮಾಡು."

ಅಂದಾನೆಪ್ಪ ಹೊಸ್ತಲದಾಗ ನಿಂತಿದ್ದ. ಕೇಳಸ್ಕೊಂಡ. ಕೇಳದಂಗ ಕೆಮ್ಮಿದ.

೧೪ ಆಗಸ್ಟ, ಐತವಾರ

ದುಕಾನ ಅರ್ಧಾ ದಿನಾ. ಮಧ್ಯಾಹ್ನ ಮನಿಗೆ ಬಂದ್ರ ಪಡಸಾಲ್ಯಾಗ ಡಣ್ ಅಂತ ಸಪ್ಪಳ. ಅಕ್ಕ ನೀರಿನ ಕೊಡಾ ಡಬ್ಬ ಹಾಕಿ, ಗೋಡಿ ಹಿಡದ, ಬಲಗಾಲ ಅದರ ಮ್ಯಾಲ ಇಡಾಕ ನೋಡ್ಲಿಕತ್ತಿದ್ಲು. ಕೊಡಾ ಉಳ್ಳಿ ಹೋತು. ನನ್ನ ನೋಡಿ ಲಗೂನ ಸೀರಿ ಕೆಳಗ ಬಿಟ್ಲು.

ಏನ ಅನ್ನಬೇಕ ತಿಳೀಲಿಲ್ಲ. ಅದಕ್ಕ ಗೋಡಿಗೆ ಬೆನ್ನ ಹಚ್ಚಿ ನೆಲದ ಮ್ಯಾಲ ಕುಂತೆ. ನಮ್ಮೊಳಗ ಸತ್ತವರನ್ನ ಕೂಡಿಸಿರತಾರಲ್ಲ, ಹಂಗ — ಚಕ್ಕಳ ಮಕ್ಕಳ ಹಾಕಿ, ಕಣ್ಣ ಮುಚ್ಚಿ.

"ಏನೋ ಇದು?"

"ಹೆಣಾ. ಇಡು."

"ಹುಚ್ಚ ಏನಲೇ ನಿನಗ? ಬದಕಿದ್ದಾವನ ತಲಿ ಮ್ಯಾಲ?"

"ನಾ ಸತ್ತೇನಿ. ಇಡಬೇ ಲಗೂ, ಹೆಣಕ್ಕ ಹಸಿವಿ ಆಗೈತಿ."

"ಹೆಣಾ ಮಾತಾಡೂದಿಲ್ಲ."

ಬಾಯಿ ಮುಚ್ಚಿದೆ. ಸೀರಿ ಎತ್ತಿದ ಸಪ್ಪಳ. ಆಮ್ಯಾಲ ತಲಿ ಮ್ಯಾಲ ಒಂದ ಪಾದಾ. ಹಗರ. ತಂಪ. ಗಡಗಡ ನಡಗಾಕತ್ತಿತ್ತು. ಮಂತ್ರಾ ಶುರು ಮಾಡಿದ್ಲು, ನಡಗೂದ ಕಮ್ಮಿ ಆತು, ಅರ್ಧಾ ಆಗೂದ್ರಾಗ ಕಾಲ ಜಾರಿ ನನ್ನ ಕಿವಿಗೆ ಬಡೀತು.

"ಹೆಣದ ಕಿವಿ ಹೋತು" ಅಂದೆ. ಬಿದ್ದ ಬಿದ್ದ ನಕ್ಲು.

ಆಗ ಅಪ್ಪ. "ಆಂ! ಆಂ!" ಅಂತ ಒದರಿದ. ಇಬ್ರೂ ಗಾಬರಿ ಆದ್ವಿ. ಅಪ್ಪ ಹಾಸಿಗಿ ಮ್ಯಾಲಿಂದ ಎಲ್ಲಾ ನೋಡ್ಯಾನ. ಮಾರಿ ಕೆಂಪಗ ಆಗಿತ್ತು, ಎಡಗೈ ಬಡದಾಡ್ತಿತ್ತು. ಬೈತಾನ, ಮಗಳ ಪಾದಾ ಮಗನ ತಲಿ ಮ್ಯಾಲ ಅಂತ ಬೈತಾನ ಅಂದ್ಕೊಂಡೆ. ನನಗೂ ಸಿಟ್ಟ ಬಂತು, ಜಗಳಾಡೂದ ಅಂತ ಎದ್ದೆ. ಅಕ್ಕ ಕುಂಟಕೋತ ಹೋಗಿ ಹಾಸಿಗಿ ಹಂತೇಕ ಕುಂತ್ಲು.

ಅಪ್ಪ ಎಡಗೈ ಎತ್ತಿ ತನ್ನ ನೆತ್ತಿ ಮುಟ್ಟಿಕೊಂಡ. ಇಲ್ಲಾ ಅಂತ ತಲಿ ಅಳ್ಳಾಡಿಸಿದ. ಆಮ್ಯಾಲ ಹಣಿ ಮ್ಯಾಲಿನ ಕೂದಲಿನ ಅಂಚಿಗೆ ಬೆರಳ ಇಟ್ಟ. "ಆಂ." ಅಲ್ಲೇ ಎರಡ ಸಲ ಬಡದ ತೋರಿಸಿದ. ಕಾಲಿನ ಹೆಬ್ಬಟ್ಟ ಇಲ್ಲೆ, ನೆತ್ತಿ ಮ್ಯಾಲ ಅಲ್ಲ ಅಂತ.

ಬೈಲಾಕತ್ತಿರಲಿಲ್ಲ. ತಿದ್ದಾಕತ್ತಿದ್ದ.

ನನ್ನ ಹತ್ತ ವರ್ಷ ತಿದ್ದಿದ ಕೈ. ಈಗ ಸರಿಯಾದ ಶಿಷ್ಯೆ ಸಿಕ್ಲು ಅದಕ್ಕ.

ಮತ್ತ ನಾಕ ಸಲ ಸತ್ತೆ ನಾ. ನಾಕನೇ ಸಲ ಪಾದಾ ಅಳ್ಳಾಡ್ಲಿಲ್ಲ. ಆಕಿ ಇಳಿಸೂವಾಗ ಕಣ್ಣ ತಗದ ನೆಟ್ಟಗ ನೋಡಿದೆ. ಸಣ್ಣ ಪಾದಾ, ಬೆರಳ ಒಳಗ ಮಡಚ್ಯಾವ, ಹಿಮ್ಮಡಿ ಕೂಸಿನ ಹಿಮ್ಮಡಿ ಹಂಗ ಮೆತ್ತಗ — ನೆಲಾ ತುಳದಿಲ್ಲಲ್ಲ ಅದು. ಅದರ ಮುಂದ ನನ್ನ ಚಿಮಣಿ ಎಣ್ಣಿ ಪಾದಾ ಎರಡೂ ದಂಡ.

೧೭ ಆಗಸ್ಟ, ಬುಧವಾರ. ಸಂಜಿ

ಮುದುಕವ್ವ ಹ್ವಾದ್ಲು. ಅಕ್ಕನ ಕೈ ಹಿಡದನ.

ನಾಳೆ ಮಣ್ಣ.

೧೮ ಆಗಸ್ಟ, ಗುರುವಾರ. ಮುಂಜಾನಿ ಏಳೂವರಿ

ಜಳಕಾ ಮಾಡಿ ಬರತೇನಿ ಅಂತ ಹೇಳಿ ಒಳಗ ಬಂದೇನಿ. ಮಾಡೂದಿಲ್ಲ. ಬರೀತೇನಿ. ಹೊರಗ ಕಟ್ಟಿ ಮ್ಯಾಲ ಎಂಟ ಮಂದಿ ಕಾಯಾಕತ್ತಾರ — ಅಂದಾನೆಪ್ಪ, ಕರೆಪ್ಪ, ಹಿರ್ಯಾರ ಎಲ್ಲಾ. ನನ್ನ ಒಯ್ಯಾಕ ಬಂದಾರ. ಮಡೀ ದೋತರಾ ಅವರ ತಂದಾರ. ಕಾಲಿಗೆ ಹಚ್ಚಾಕ ಸಾಬಾಣಾ ಸುದ್ದಾ.

ಕೇಳಿದೆ, "ನಿಮ್ಮ ಅವ್ವ ಏನ ಹೇಳಿ ಹೋಗ್ಯಾಳ? ನೀವು ಹೊಸ್ತಲದಾಗ ನಿಂತ ಕೇಳಿಲ್ಲೇನ್ರಿ?"

"ಕೇಳೇನ್ರಿ." ಮಾರಿ ಬಾಡಿತ್ತು ಅಂದಾನೆಪ್ಪಂದು, ಕಣ್ಣ ಕೆಂಪ. ಅತ್ತಾನ ಅಂವ. "ನನಗೂ ಕರಳ ಐತ್ರಿ ಸ್ವಾಮಿ. ಆದ್ರ ನಾಳೆ ನನ್ನ ಮನಿಗೆ ಹೆಣ್ಣ ಕೊಡಾವ್ರು ತರಾವ್ರು ಕೇಳ್ತಾರ — ಅಯ್ಯನೋರ ಮನ್ಯಾಗ ಗಂಡಸ ಇದ್ದೂ, ಹೆಂಗಸಿನ ಕಡೆಯಿಂದ ಯಾಕ ಮಾಡಿಸಿದ್ರಿ ಅಂತ. ಏನ ಹೇಳ್ಲಿ ನಾ? ಬಾಜೂ ಊರ ಸವಡಿ ಅಯ್ಯನೋರನ್ನ ಕರಸೋಣಂದ್ರ ಅವ್ರು ಊರಾಗಿಲ್ಲ. ನೀವರೆ ಇಲ್ಲದಿದ್ರ ಮಾತ ಬ್ಯಾರೆ ಇತ್ರಿ. ಗತಿ ಇಲ್ಲ ಅಂತ ಹೇಳಬಹುದಿತ್ತು. ಯಾರೂ ಬಾಯಿ ತಗೀತಿದ್ದಿಲ್ಲ. ಆದ್ರ ನೀವ ಇದ್ದೀರಲ್ರಿ."

ಅಂವ ಸುಳ್ಳ ಹೇಳಾಂವಲ್ಲ. ಅದ ಅವನ ತೊಂದ್ರಿ.

ಅಕ್ಕ ಎದ್ದ ಜಳಕಾ ಮಾಡ್ಯಾಳ. ವಿಭೂತಿ ಹಚ್ಯಾಳ. ಬಿಳೇ ಸೀರಿ, ಮ್ಯಾಲ ಎತ್ತಿ ಉಟ್ಟಾಳ — ಎರಡೂ ಪಾದಾ ಕಾಣ್ತಾವ. ಮೊದಲ ಸಲ ಹಂಗ ಉಟ್ಟದ್ದು. ತಯಾರಾಗಿ ಒಲಿ ಮುಂದ ಕುಂತಾಳ, ಎದ್ದ ಹೊರಗ ಹೋಗವಲ್ಲಳು.

"ನೀನ ಹೋಗೋ ಗವೀ. ಹಿಂದ ನಿಂತ ಹೇಳಿಕೊಡ್ತೇನಿ ನಾ. ಈ ಒಂದ ಸಲ."

"ಈ ಒಂದ ಸಲ ಅಂದ್ರ ಪ್ರತಿ ಸಲಾನೂ. ನಾ ಮುದುಕ ಆಗೂತನಕ ತುಟಿ ಅಳ್ಳಾಡಸ್ಕೋತ ಕುಂದರ್ಲೇನು? ನೀ ಮುದುಕಿ ಆಗೂತನಕ ಅಡಗಿ ಮನ್ಯಾಗ?"

"ಅಂಜಿಕಿ ಬರತೈತಲ್ಲೋ! ಊರ ಅಷ್ಟೂ ನೋಡತೈತಿ."

"ನೋಡ್ಲಿ! ನೋಡ್ಲಿ ಅಂತನ ಸೀರಿ ಮ್ಯಾಲ ಉಟ್ಟೀಯಲ್ಲ!"

"ನೀ ಬಾಜೂಕ ಇರ್ತೀಯೇನು? ನೀ ಇದ್ರ ನಂಗ ಧೈರ್ಯಾ."

ಇಲ್ಲೇ ಸಿಗಬಿದ್ದೆ. ಇರಬೇಕಂತ ಭಾಳ ಮನಸ ಐತಿ. ಆಕಿ ಆ ಪಾದಾ ಎತ್ತೂದನ್ನ ಊರ ಮುಂದ ನಿಂತ ನೋಡಬೇಕಂತ ನನಗ ಎಷ್ಟ ಆಸೆ ಐತಿ, ಅದನ್ನ ಯಾರಿಗೆ ಹೇಳ್ಲಿ? ಯಂಕವ್ವನ ಕೂಸಿನ ಮುಂದ ಆಕಿ ಕೈ ನಿಂತದ್ದ ನೋಡೇನಿ ನಾ. ಇದನ್ನೂ ನೋಡಬೇಕಾಗಿತ್ತು. ಆದ್ರ ನಾ ಅಲ್ಲಿ ನಿಂತ್ರ ದೋತರಾ ಹಿಡ್ಕೊಂಡ ನನ್ನನ್ನ ಮುಂದ ನೂಕತಾರ. ನಾ ಈ ಊರಾಗ ಇರೂತನಕ ಆಕಿ ಹೇಳಿಕೊಡಾಕಿ, ನಾ ಅಯ್ಯ.

ಅದನ್ನ ಅಂದೆ. "ನಾ ಇದ್ರ ನಿನ್ನ ಕರಿಯೂದಿಲ್ಲ ಅವ್ರು. ಅದಕ್ಕ ನಾ ಇರೂದಿಲ್ಲ."

"ಎಲ್ಲೆ ಹೋಗ್ತಿ?"

"ರೋಣಕ್ಕ. ಜಂಗ್ಲಿಸಾಬನ ದುಕಾನದಾಗ ಇರತೇನಿ, ಅಲ್ಲೇ ಮಲಕೋತೇನಿ. ತಿಂಗಳ ಆಗಲಿ, ಎರಡ ತಿಂಗಳ ಆಗಲಿ. ಊರ ಮಂದಿಗೆ ಅಯ್ಯ ಅಂದ್ರ ನಿನ್ನ ಹೆಸರ ಬಾಯಿಗೆ ಬರೂತನಕ."

"ಅಪ್ಪನ ಮಗ್ಗಲಾ ತಿರಗಿಸಾವ್ರ ಯಾರು?"

"ಯಂಕವ್ವ ಬರತಾಳ. ಕೇಳಿ ಇಟ್ಟೇನಿ. ಹಿತ್ತಲ ಬಾಗಲದಾಗ ಅಷ್ಟ ಮಂದಿ ಅತ್ತ ಹೋಗ್ಯಾರ, ಅವರೊಳಗ ಎಂಟ ಮಂದಿ ಬರತಾರ ನೋಡು."

ಆಕಿ ನನ್ನ ಕಡೆ ನೋಡಿದ್ಲು. ಬೈತಾಳ ಅಂದ್ಕೊಂಡೆ. "ಊಟಾ ಮಾಡಿಲ್ಲ ನೀ" ಅಂದ್ಲು. ಅಷ್ಟ. ಆಮ್ಯಾಲ ಎರಡೂ ಕೈ ನೆಲಕ್ಕ ಊರಿ, ಯಾರ ಆಸರಿನೂ ಇಲ್ಲದ, ಎದ್ದ ನಿಂತ್ಲು. ಪಡಸಾಲ್ಯಾಗ ಅಪ್ಪನ ಹಾಸಿಗಿ ಹಂತೇಕ ಹೋಗಿ ನಿಂತಾಳ ಈಗ. ಇಲ್ಲಿಂದ ಕಾಣತೈತಿ. ಅಪ್ಪ ಎಡಗೈಲೆ ಆಕಿ ಪಾದಾ ಮುಟ್ಟಿ ಹಣಿಗೆ ಹಚ್ಚಿಕೊಳ್ಳಾಕತ್ತಾನ. ತಂದಿ ಮಗಳಿಗೆ ಮಾಡೂದಲ್ಲ ಇದು. ಅಯ್ಯಗ ಮಾಡೂದು.

ಸಾಕ. ಇನ್ನ ಬರದ್ರ ಅತ್ತ ಬಿಡತೇನಿ, ಅದು ಬ್ಯಾಡ.

ಹೊರಗಿಂದ ಅಂದಾನೆಪ್ಪ ಕರೀಲಾಕತ್ತಾನ. "ಸ್ವಾಮಾರ, ಆತೇನ್ರಿ ಜಳಕಾ? ಹೊತ್ತ ಆಗಾಕತ್ತೈತ್ರಿ."

ಆತಪಾ, ಬಂದೆ.

ಹಿತ್ತಲದಿಂದ ಹ್ವಾದ್ರ ಓಡಿ ಹ್ವಾದ ಅಂತಾರ, ಹುಡಕ್ಯಾಡಿ ಹಿಡಕೊಂಡ ಬರತಾರ. ಮುಂದಿನ ಬಾಗಲದಿಂದನ ಹೋಗ್ತೇನಿ, ಎಂಟೂ ಮಂದಿ ಮಾರಿ ಮುಂದ ಸೈಕಲ್ ಹತ್ತಿ. ಬರಬ್ಯಾಡ್ರಿ ನನ್ನ ಹಿಂದ, ಗಂಡಸ ಇಲ್ಲ ಈ ಮನ್ಯಾಗ, ಅಯ್ಯ ಒಳಗ ಅದಾಳ ಅಂತ ಹೇಳಿ — ಹೇಳೂದ ಏನ, ಒದರತೇನಿ ಇವತ್ತ, ಅಕ್ಕ ಬ್ಯಾಡ ಅಂದ್ರೂ — ಒದರಿ, ಬಾಗಲಾ ಹಂಗ ಎಳದ ಬಡೀತೇನಿ, ಕೊನೀ ಓಣಿತನಕ ಕೇಳಬೇಕ, ಹಂಗ.